ತ್ಯಜಿಸಿದ ಯಂತ್ರವೂ ಸತ್ಯಶುದ್ಧ ಕಾಯಕವೂ

ಹನ್ನೆರಡನೆಯ ಶತಮಾನದ ಶರಣರಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಸ್ಥಾನ ವಿಶಿಷ್ಟವಾದುದು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳಿಗೆ ಹೊಲವಿರಲಿಲ್ಲ, ಅಂಗಡಿಯಿರಲಿಲ್ಲ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದೇ ಅವರ ಕಾಯಕವಾಗಿತ್ತು. ಉಳಿದವರ ಕಾಲಿಗೆ ಸಿಕ್ಕಿ ಹಾಳಾಗುವ ಕಾಳು ಅವರ ಕೈಗೆ ಬಂದಾಗ ಪ್ರಸಾದವಾಗುತ್ತಿತ್ತು. ಒಂದು ದಿನ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಯೇ ಹಿಂದಿರುಗಿಸಿ ಬರುವಂತೆ ಹೇಳಿದ ಪ್ರಸಂಗವು ಭಕ್ತರಿಗೆಲ್ಲ ಚಿರಪರಿಚಿತವಾಗಿದೆ. ಈ ಪ್ರಸಂಗದಲ್ಲಿ ಎರಡು ತತ್ತ್ವಗಳು ಅಡಗಿವೆ. ಚೆಲ್ಲಿದ್ದನ್ನು ಆಯುವುದು ಹೀನವಲ್ಲವೆಂಬುದು ಮೊದಲನೆಯದು. ಆಯುವುದಕ್ಕೂ ಒಂದು ಶುದ್ಧಿ, ಒಂದು ಮಿತಿ ಇರಬೇಕೆಂಬುದು ಎರಡನೆಯದು.

ಇಂದಿನ ಕಾಲದಲ್ಲಿ ಕಚೇರಿಗಳು ಚೆಲ್ಲುತ್ತಿರುವುದು ಅಕ್ಕಿಯನ್ನಲ್ಲ, ಯಂತ್ರಗಳನ್ನು. ಶಾಲೆ, ಕಾಲೇಜು, ಸಹಕಾರಿ ಸಂಘ, ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಇಲಾಖೆ, ಎಲ್ಲೆಡೆಯೂ ಒಂದು ಕೋಣೆಯಲ್ಲಿ ಹಳೆಯ ಕಂಪ್ಯೂಟರುಗಳು, ಮಾನಿಟರುಗಳು, ಪ್ರಿಂಟರುಗಳು, ಯುಪಿಎಸ್ ಪೆಟ್ಟಿಗೆಗಳು ಧೂಳು ಹಿಡಿದು ರಾಶಿ ಬಿದ್ದಿರುತ್ತವೆ. ಕೆಲವು ವರ್ಷಗಳಾದ ಮೇಲೆ ದಾಸ್ತಾನು ವಹಿಯಲ್ಲಿ ಅವುಗಳನ್ನು ನಿರುಪಯುಕ್ತವೆಂದು ಬರೆದು ಹರಾಜು ಹಾಕಲಾಗುತ್ತದೆ. ಹೆಚ್ಚು ಬೆಲೆ ಕೂಗಿದ ಗುಜರಿ ವ್ಯಾಪಾರಿ ಅವುಗಳನ್ನು ಲಾರಿಗೆ ತುಂಬಿಕೊಂಡು ಹೋಗುತ್ತಾನೆ. ರಸೀದಿ ಹರಿದೊಡನೆ ಸಂಸ್ಥೆಯ ಹೊಣೆ ಮುಗಿಯಿತೆಂಬ ಭಾವನೆ ಸಾಮಾನ್ಯವಾಗಿದೆ. ಕಾಯಕ ತತ್ತ್ವವನ್ನು ಒಪ್ಪಿದವರು ಈ ಭಾವನೆಯನ್ನು ಒಪ್ಪಲು ಸಾಧ್ಯವೇ ಎಂಬುದು ವಿಚಾರಣೀಯವಾದ ಪ್ರಶ್ನೆ.

ಮೊದಲು ಆ ಪೆಟ್ಟಿಗೆಯೊಳಗೆ ಏನಿದೆ ಎಂಬುದನ್ನು ತಿಳಿಯುವುದು ಉಚಿತ. ಕಂಪ್ಯೂಟರಿನ ಹೊರಕವಚ ಉಕ್ಕಿನ ತಗಡಿನದು. ಒಳಗಿನ ವಿದ್ಯುತ್ ಪೆಟ್ಟಿಗೆಯ ಸುರುಳಿಗಳಲ್ಲಿ ಮತ್ತು ತಂತಿಗಳಲ್ಲಿ ತಾಮ್ರವಿದೆ. ಶಾಖ ಹೀರುವ ಭಾಗವೂ ಹಾರ್ಡ್ ಡಿಸ್ಕಿನ ಮೈಯೂ ಅಲ್ಯೂಮಿನಿಯಮ್‌ನಿಂದ ಆದವು. ಹಾರ್ಡ್ ಡಿಸ್ಕಿನೊಳಗೆ ನಿಯೋಡಿಮಿಯಮ್ ಎಂಬ ಅಪರೂಪದ ಧಾತುವಿನಿಂದ ಮಾಡಿದ ಬಲವಾದ ಅಯಸ್ಕಾಂತಗಳಿರುತ್ತವೆ. ಸ್ಮೃತಿಪಟ್ಟಿಯ ಅಂಚಿನಲ್ಲಿ ಸಾಲಾಗಿ ಹೊಳೆಯುವ ಹಳದಿ ಗೆರೆಗಳು ನಿಜವಾದ ಚಿನ್ನದ ಲೇಪನ. ಮದರ್‌ಬೋರ್ಡಿನಲ್ಲಿ ಚಿನ್ನದೊಂದಿಗೆ ಬೆಳ್ಳಿ, ಪಲ್ಲೇಡಿಯಮ್‌ಗಳೂ ಅತ್ಯಲ್ಪ ಪ್ರಮಾಣದಲ್ಲಿವೆ. ಒಳ್ಳೆಯ ಗಣಿಯಲ್ಲಿಯೂ ಒಂದು ಟನ್ ಅದಿರಿಗೆ ಕೆಲವೇ ಗ್ರಾಂ ಚಿನ್ನ ದೊರೆಯುತ್ತದೆ. ಒಂದು ಟನ್ ಮದರ್‌ಬೋರ್ಡುಗಳಲ್ಲಿ ಅದರ ಹಲವು ಪಟ್ಟು ಚಿನ್ನವಿರುತ್ತದೆ.

ಕನ್ನಡ ನಾಡಿಗೆ ಈ ಮಾತಿನ ಅರ್ಥ ಚೆನ್ನಾಗಿ ತಿಳಿಯಬೇಕು. ಕೋಲಾರದ ಚಿನ್ನದ ಗಣಿಯಲ್ಲಿ ಕಾರ್ಮಿಕರು ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಅದಿರು ತೆಗೆದರು. ಆ ಗಣಿ 2001ರಲ್ಲಿ ಮುಚ್ಚಿತು. ಅಷ್ಟು ಆಳದಿಂದ, ಅಷ್ಟು ಜನರ ಬೆವರಿನಿಂದ ಮೇಲೆ ಬಂದ ಲೋಹವೇ ಜಗತ್ತಿನ ಬೇರೆ ಬೇರೆ ಗಣಿಗಳಿಂದ ಬಂದು ಕಚೇರಿಯ ಮೂಲೆಯ ಧೂಳಿನಲ್ಲಿ ಕುಳಿತಿದೆ. ಜಪಾನ್ ದೇಶವು 2020ರ ಟೋಕಿಯೋ ಒಲಿಂಪಿಕ್ಸ್‌ಗಾಗಿ ಜನರಿಂದ ಹಳೆಯ ಮೊಬೈಲು, ಕಂಪ್ಯೂಟರು ಮುಂತಾದ 78,985 ಟನ್ ಸಾಧನಗಳನ್ನು ಸಂಗ್ರಹಿಸಿ, ಅದರಿಂದ ಸುಮಾರು 32 ಕಿಲೋ ಚಿನ್ನ, 3,500 ಕಿಲೋ ಬೆಳ್ಳಿ ತೆಗೆದು ಸುಮಾರು 5,000 ಪದಕಗಳನ್ನು ಮಾಡಿತು. ಕಸವೆಂದು ಎಸೆದದ್ದು ವಿಜಯಿಗಳ ಕೊರಳಲ್ಲಿ ಪದಕವಾಯಿತು. ಆದರೆ ಎಲ್ಲೆಡೆ ಹೀಗಿಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಉಂಟಾಯಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದಕ್ಕೆ ದಾಖಲೆಯಿರುವುದು ಶೇಕಡಾ 22.3ರಷ್ಟಕ್ಕೆ ಮಾತ್ರ. ಇ-ತ್ಯಾಜ್ಯ ಉಂಟುಮಾಡುವ ದೇಶಗಳಲ್ಲಿ ಚೀನಾ ಮತ್ತು ಅಮೆರಿಕಗಳ ಅನಂತರದ ಸ್ಥಾನ ಭಾರತದ್ದು.

ಈ ಯಂತ್ರಗಳನ್ನು ಬಿಚ್ಚುವವರು ಯಾರು? ದೆಹಲಿಯ ಸೀಲಂಪುರ, ಉತ್ತರ ಪ್ರದೇಶದ ಮೊರಾದಾಬಾದ್, ಬೆಂಗಳೂರಿನ ಗೌರಿಪಾಳ್ಯ, ಇಂಥ ಕಡೆಗಳ ಸಣ್ಣ ಸಣ್ಣ ಕೋಣೆಗಳಲ್ಲಿ ಬಡ ಕುಟುಂಬಗಳು ಈ ಕೆಲಸದಿಂದ ಹೊಟ್ಟೆ ಹೊರೆದುಕೊಂಡು ಬಂದಿವೆ. ಸ್ಕ್ರೂಡ್ರೈವರ್, ಸುತ್ತಿಗೆ, ಉಳಿ ಇಷ್ಟೇ ಅವರ ಸಲಕರಣೆ. ಕಬ್ಬಿಣವನ್ನು ಅಯಸ್ಕಾಂತದಿಂದ ಗುರುತಿಸುತ್ತಾರೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಮ್‌ಗಳನ್ನು ಬಣ್ಣದಿಂದ, ತೂಕದಿಂದ, ಬಡಿದಾಗ ಬರುವ ದನಿಯಿಂದ ಬೇರ್ಪಡಿಸುತ್ತಾರೆ. ಇದು ಯಾವ ವಿದ್ಯಾಲಯವೂ ಕಲಿಸದ ವಿದ್ಯೆ. ಇಡೀ ಕಂಪ್ಯೂಟರನ್ನು ಯಂತ್ರಕ್ಕೆ ಹಾಕಿ ಪುಡಿ ಮಾಡಿದರೆ ಬೆಲೆಬಾಳುವ ಲೋಹದ ಒಂದು ಪಾಲು ಧೂಳಿನಲ್ಲಿ, ಪ್ಲಾಸ್ಟಿಕ್ಕಿನಲ್ಲಿ ಬೆರೆತು ನಷ್ಟವಾಗುತ್ತದೆ. ಬಿಡಿಬಿಡಿಯಾಗಿ ಕೈಯಿಂದ ಬಿಚ್ಚಿದಾಗ ಪ್ರತಿಯೊಂದು ಲೋಹವೂ ತನ್ನ ಗುಂಪಿಗೆ ಶುದ್ಧವಾಗಿ ಸೇರುತ್ತದೆ. ಆದುದರಿಂದ ಈ ಕೆಲಸವನ್ನು ಕೊಳಕೆಂದು ಮೂಗು ಮುರಿಯುವುದು ಅಜ್ಞಾನವೇ ಸರಿ. ಅಕ್ಕಿಯನ್ನು ಕಲ್ಲಿನಿಂದ ಬೇರೆ ಮಾಡಿದವರನ್ನು ಶರಣರೆಂದು ಪೂಜಿಸುವ ಸಮಾಜವು ತಾಮ್ರವನ್ನು ಕಸದಿಂದ ಬೇರೆ ಮಾಡುವವರನ್ನು ಬಾಗಿಲಾಚೆ ನಿಲ್ಲಿಸುವುದು ನ್ಯಾಯವಲ್ಲ.

ಹಾಗೆಂದು ಅಲ್ಲಿ ನಡೆಯುವುದೆಲ್ಲವೂ ಕಾಯಕವೆಂದು ಹೇಳಲಾಗದು. ಬಿಚ್ಚುವ ಹಂತ ಮುಗಿದ ಮೇಲೆ ವಿಷದ ಹಂತ ಆರಂಭವಾಗುತ್ತದೆ. ತಂತಿಯ ಮೇಲಿನ ಪ್ಲಾಸ್ಟಿಕ್ಕನ್ನು ಸುಲಿಯುವ ಶ್ರಮ ಉಳಿಸಲು ಅದಕ್ಕೆ ಬೆಂಕಿ ಇಡುತ್ತಾರೆ. ಆ ಹೊಗೆಯಲ್ಲಿ ಡಯಾಕ್ಸಿನ್ ಎಂಬ ಘೋರ ವಿಷವಿರುತ್ತದೆ. ಬೋರ್ಡನ್ನು ಒಲೆಯ ಮೇಲೆ ಕಾಯಿಸಿ ಬಿಡಿಭಾಗಗಳನ್ನು ಕೀಳುತ್ತಾರೆ. 2006ಕ್ಕೆ ಮೊದಲು ತಯಾರಾದ ಬಹುತೇಕ ಬೋರ್ಡುಗಳ ಬೆಸುಗೆಯಲ್ಲಿ ತವರದೊಂದಿಗೆ ಸೀಸವೂ ಇದೆ. ಚಿನ್ನಕ್ಕಾಗಿ ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣದಲ್ಲಿ ಬೋರ್ಡುಗಳನ್ನು ಅದ್ದಿ, ಉಳಿದ ದ್ರಾವಣವನ್ನು ಚರಂಡಿಗೆ ಚೆಲ್ಲುತ್ತಾರೆ. ಹಳೆಯ ದಪ್ಪ ಮಾನಿಟರಿನ ಗಾಜಿನಲ್ಲಿ ಸೀಸವಿದೆ. ಹಳೆಯ ಎಲ್‌ಸಿಡಿ ಪರದೆಯ ಹಿಂದಿನ ಸಣ್ಣ ದೀಪಗಳಲ್ಲಿ ಪಾದರಸವಿದೆ. ಅವು ಒಡೆದಾಗ ಯಾರ ಕಣ್ಣಿಗೂ ಬೀಳದೆ ಉಸಿರಿನೊಳಗೆ ಸೇರುತ್ತವೆ. ಸೀಸವು ಎಲ್ಲರಿಗಿಂತ ಹೆಚ್ಚಾಗಿ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ. ಕೋಣೆಯೇ ಮನೆಯೂ ಆಗಿರುವಲ್ಲಿ ಮಕ್ಕಳನ್ನು ಅದರಿಂದ ದೂರವಿಡುವುದು ಹೇಗೆ? ಇಷ್ಟು ಕೇಡು ಮಾಡಿಯೂ ಆಮ್ಲದ ಪಾತ್ರೆಯಿಂದ ಸಿಗುವುದು ಮುಖ್ಯವಾಗಿ ಚಿನ್ನ ಮಾತ್ರ. ಅದರಲ್ಲಿಯೂ ದೊಡ್ಡ ಪಾಲು ಕೈತಪ್ಪಿ ಹೋಗುತ್ತದೆ. ಬೆಲ್ಜಿಯಂ ದೇಶದ ಹೋಬೋಕನ್‌ನಲ್ಲಿರುವ ಯೂಮಿಕೋರ್‌ನಂತಹ ಸುಸಜ್ಜಿತ ಕುಲುಮೆಯು ಅಂಥದೇ ಬೋರ್ಡುಗಳಿಂದ ಚಿನ್ನವಲ್ಲದೆ ಇನ್ನೂ ಹಲವು ಲೋಹಗಳನ್ನು ತೆಗೆಯುತ್ತದೆ.

ಹೀಗಾಗಿ ವಿವೇಕದ ದಾರಿ ಸ್ಪಷ್ಟವಾಗಿದೆ. ಬಿಚ್ಚುವುದು ನುರಿತ ಕೈಗಳಿಂದ ಆಗಬೇಕು. ಕರಗಿಸುವುದು ಸುಸಜ್ಜಿತ ಕುಲುಮೆಯಲ್ಲಿ ಆಗಬೇಕು. ಮೊದಲನೆಯದರಲ್ಲಿ ಬಡವರ ಅನ್ನವಿದೆ, ಎರಡನೆಯದರಲ್ಲಿ ಅವರ ಆಯುಷ್ಯವಿದೆ. ಇದು ಕನ್ನಡ ನಾಡಿಗೆ ಹೊಸ ವಿಚಾರವೂ ಅಲ್ಲ. 2005ರಲ್ಲಿಯೇ ಬೆಂಗಳೂರಿನ ಸಮೀಪದ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಸಂಸ್ಥೆ ಅಧಿಕೃತ ಪರವಾನಗಿಯೊಂದಿಗೆ ಇಂಥ ಕೆಲಸವನ್ನು ಆರಂಭಿಸಿ ದೇಶಕ್ಕೆ ಮಾದರಿಯಾಯಿತು.

ಇನ್ನು ಕಾನೂನಿನ ಮಾತು. ಕೇಂದ್ರ ಸರ್ಕಾರವು 2011ರಲ್ಲಿ ಮೊದಲ ಬಾರಿಗೆ ಇ-ತ್ಯಾಜ್ಯಕ್ಕಾಗಿಯೇ ನಿಯಮಗಳನ್ನು ರೂಪಿಸಿತು. 2016ರಲ್ಲಿ ಅವು ಬದಲಾದವು. 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಇವುಗಳ ಪ್ರಕಾರ ಒಂದು ಹಣಕಾಸು ವರ್ಷದಲ್ಲಿ ಪಟ್ಟಿಯಲ್ಲಿರುವ ಸಾಧನಗಳನ್ನು ಕನಿಷ್ಠ ಒಂದು ಸಾವಿರದಷ್ಟು ಬಳಸಿದ ಸಂಸ್ಥೆಯು ದೊಡ್ಡ ಬಳಕೆದಾರ ಎನಿಸುತ್ತದೆ. ಅಂಥ ಸಂಸ್ಥೆ ತನ್ನ ಇ-ತ್ಯಾಜ್ಯವನ್ನು ನೋಂದಾಯಿತ ಉತ್ಪಾದಕ, ದುರಸ್ತಿಗಾರ ಅಥವಾ ಮರುಬಳಕೆದಾರರಿಗೇ ಒಪ್ಪಿಸಬೇಕು. ಊರಿನ ಪ್ರೌಢಶಾಲೆಯಲ್ಲಾಗಲಿ, ಪತ್ತಿನ ಸಹಕಾರಿ ಸಂಘದಲ್ಲಾಗಲಿ ಸಾವಿರ ಸಾಧನಗಳಿರುವುದಿಲ್ಲ. ಕಾನೂನು ಅವುಗಳ ಬಾಗಿಲಿನವರೆಗೆ ಬಂದು ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಅಂತಃಸಾಕ್ಷಿಯೇ ಕಾನೂನಾಗಬೇಕು. ಶರಣರ ಕಾಯಕಶುದ್ಧಿಗೆ ಯಾವ ಅಧಿಕಾರಿಯ ತಪಾಸಣೆಯೂ ಕಾರಣವಾಗಿರಲಿಲ್ಲ.

ಇದೇ ನಿಯಮಗಳಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. 2016ರ ನಿಯಮಗಳಲ್ಲಿ ಯಂತ್ರ ಬಿಚ್ಚುವವರಿಗೆ ಪ್ರತ್ಯೇಕ ವರ್ಗವಿತ್ತು. 2022ರ ನಿಯಮಗಳಲ್ಲಿ ನೋಂದಣಿಗೆ ತಯಾರಕ, ಉತ್ಪಾದಕ, ದುರಸ್ತಿಗಾರ, ಮರುಬಳಕೆದಾರ ಎಂಬ ನಾಲ್ಕು ವರ್ಗಗಳು ಮಾತ್ರ ಇವೆ. ಬಿಚ್ಚುವವನು ಪಟ್ಟಿಯಿಂದಲೇ ಮರೆಯಾಗಿದ್ದಾನೆ. ಕೆಲಸ ಮಾತ್ರ ನಿಂತಿಲ್ಲ. ಹೆಸರಿಲ್ಲದವನಿಗೆ ತರಬೇತಿಯೂ ಕೈಗವಸೂ ವಿಮೆಯೂ ದೊರೆಯುವುದು ಕಷ್ಟ. ಅನೌಪಚಾರಿಕ ಗುಜರಿ ಕೇಂದ್ರಗಳನ್ನೆಲ್ಲ ಮುಚ್ಚಿಸಿದರೆ ಸಮಸ್ಯೆ ತೀರುತ್ತದೆಂದು ವಾದಿಸುವವರಿದ್ದಾರೆ. ಮಾಲಿನ್ಯದ ಬಗೆಗಿನ ಅವರ ಆತಂಕ ಸತ್ಯವಾದುದೇ. ಆದರೆ ಮುಚ್ಚಿಸಿದ ಕೋಣೆ ಇನ್ನೊಂದು ಓಣಿಯಲ್ಲಿ, ಇನ್ನೂ ಕತ್ತಲೆಯಲ್ಲಿ ತೆರೆದುಕೊಳ್ಳುತ್ತದೆ. ಘಾನಾ ದೇಶದ ಅಕ್ರಾ ನಗರದಲ್ಲಿ ಅಗ್ಬೋಗ್ಬ್ಲೋಶಿ ಎಂಬ ಪ್ರಸಿದ್ಧ ಗುಜರಿ ಕೇಂದ್ರವನ್ನು 2021ರಲ್ಲಿ ನೆಲಸಮ ಮಾಡಿದಾಗ ಆ ಕೆಲಸ ನಿಲ್ಲಲಿಲ್ಲ, ಸುತ್ತಮುತ್ತಲಿನ ಬೇರೆ ಕಡೆಗಳಿಗೆ ಚದುರಿತು. ಬಿಚ್ಚುವವರನ್ನು ಓಡಿಸುವುದಕ್ಕಿಂತ ಅವರ ಕೈಯಿಂದ ಬೆಂಕಿಯನ್ನೂ ಆಮ್ಲವನ್ನೂ ಬಿಡಿಸಿ, ಬಿಚ್ಚುವ ವಿದ್ಯೆಯನ್ನು ಉಳಿಸಿಕೊಳ್ಳುವುದೇ ಧರ್ಮಮಾರ್ಗ. ಅವರ ಸಹಕಾರಿ ಸಂಘಗಳು ಬೋರ್ಡುಗಳನ್ನು ನೋಂದಾಯಿತ ಮರುಬಳಕೆದಾರರಿಗೆ ನ್ಯಾಯವಾದ ಬೆಲೆಗೆ ಮಾರುವಂತಾದರೆ ಆಮ್ಲದ ಪಾತ್ರೆ ತಾನಾಗಿಯೇ ಒಲೆಯಿಂದ ಇಳಿಯುತ್ತದೆ.

ಇಲ್ಲಿ ಒಂದು ಕಠಿಣವಾದ ಸತ್ಯವನ್ನು ಹೇಳಲೇಬೇಕು. ಕ್ರಮಬದ್ಧವಾಗಿ ಕೆಲಸ ಮಾಡುವವರು ಕೊಡುವ ಬೆಲೆ ಬಹುತೇಕ ಕಡಿಮೆಯೇ ಇರುತ್ತದೆ. ಕಾರ್ಮಿಕರ ಸುರಕ್ಷತೆಗೆ, ಹೊಗೆಯ ಶೋಧನೆಗೆ, ವಿಷವಸ್ತುಗಳ ವಿಲೇವಾರಿಗೆ ಅವರು ವೆಚ್ಚ ಮಾಡಬೇಕು. ಆ ವೆಚ್ಚವನ್ನು ಮಾಡದವನು ಹರಾಜಿನಲ್ಲಿ ಹೆಚ್ಚು ಕೂಗಬಲ್ಲ. ಹೆಚ್ಚು ಬಂದ ಆ ಹಣ ಎಲ್ಲಿಂದ ಬಂತು? ಯಾರದೋ ಶ್ವಾಸಕೋಶದಿಂದ, ಯಾವುದೋ ಮಗುವಿನ ಬುದ್ಧಿಯಿಂದ, ಯಾವುದೋ ಕೆರೆಯ ನೀರಿನಿಂದ ಬಂತು. ಸಂಸ್ಥೆಯ ಲೆಕ್ಕಪತ್ರದಲ್ಲಿ ಅದು ಲಾಭವೆಂದು ಕಾಣಬಹುದು. ಲಕ್ಕಮ್ಮನ ಅಂಗಳದಲ್ಲಿ ನಿಲ್ಲಿಸಿ ನೋಡಿದರೆ ಅದು ಹಿಂದಿರುಗಿಸಬೇಕಾದ ಅಕ್ಕಿಯೇ ಆಗಿದೆ. ದಾಸೋಹಕ್ಕೆಂದು ತಂದ ಅಕ್ಕಿಯನ್ನೇ ಆಕೆ ಒಪ್ಪಲಿಲ್ಲ. ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಬಂದ ದಾರಿ ಶುದ್ಧವಾಗುವುದಿಲ್ಲವೆಂಬುದೇ ಆಕೆಯ ನಿಲುವು. ವಿದ್ಯಾದಾನಕ್ಕೆ ಬಳಸುವ ಹಣವಾದರೂ ಈ ಮಾತಿಗೆ ಹೊರತಲ್ಲ.

ಆಡಳಿತ ಮಂಡಳಿಗಳಲ್ಲಿ ಕುಳಿತಿರುವ ಸದ್ಭಕ್ತರು ಕೈಗೊಳ್ಳಬಹುದಾದ ಕ್ರಮಗಳು ಕಷ್ಟಸಾಧ್ಯವೇನೂ ಅಲ್ಲ. ಹರಾಜಿನ ಷರತ್ತಿನಲ್ಲಿ ಹೆಚ್ಚು ಬೆಲೆಗಿಂತ ಮೊದಲು ನೋಂದಣಿ ಪತ್ರವನ್ನು ಕೇಳಬೇಕು. ಒಂದೊಂದು ಸಂಸ್ಥೆಯ ರಾಶಿ ಚಿಕ್ಕದಾದುದರಿಂದ ಒಂದು ತಾಲ್ಲೂಕಿನ ನಾಲ್ಕಾರು ಸಂಸ್ಥೆಗಳು ಸೇರಿ ಒಂದೇ ದಿನ ಒಪ್ಪಿಸಿದರೆ ಸಾಗಾಣಿಕೆಯ ಖರ್ಚು ಉಳಿಯುತ್ತದೆ. ಯುಪಿಎಸ್ ಬ್ಯಾಟರಿಗಳನ್ನೂ ಲ್ಯಾಪ್‌ಟಾಪಿನ ಲಿಥಿಯಮ್ ಬ್ಯಾಟರಿಗಳನ್ನೂ ಬೇರೆಯಾಗಿಯೇ ಇಡಬೇಕು. ಲಿಥಿಯಮ್ ಬ್ಯಾಟರಿ ಜಜ್ಜಿದರೆ ಅಥವಾ ತೂತಾದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ವಿದ್ಯಾರ್ಥಿಗಳ ಅಂಕಪಟ್ಟಿ, ರೋಗಿಗಳ ವಿವರ, ಸದಸ್ಯರ ಲೆಕ್ಕ ಇರುವ ಹಾರ್ಡ್ ಡಿಸ್ಕುಗಳನ್ನು ಪೂರ್ಣವಾಗಿ ಅಳಿಸಿದ ಬಳಿಕವೇ ಹೊರಗೆ ಕೊಡಬೇಕು. ಕಡತವನ್ನು ಡಿಲೀಟ್ ಮಾಡಿದ ಮಾತ್ರಕ್ಕೆ ಅದು ಅಳಿಯುವುದಿಲ್ಲ. ಕಲಿಸುವ ನೆಪದಲ್ಲಿ ವಿದ್ಯಾರ್ಥಿಗಳಿಂದ ಹಳೆಯ ಮಾನಿಟರನ್ನಾಗಲಿ ವಿದ್ಯುತ್ ಪೆಟ್ಟಿಗೆಯನ್ನಾಗಲಿ ಬಿಚ್ಚಿಸಕೂಡದು. ವಿದ್ಯುತ್ ಸಂಪರ್ಕ ತಪ್ಪಿಸಿದ ಮೇಲೂ ಅವುಗಳ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರುತ್ತದೆ.

ಇವೆಲ್ಲಕ್ಕೂ ಮುಂಚಿನ ಹೆಜ್ಜೆಯೊಂದಿದೆ. ಬಿಚ್ಚಬೇಕಾದ ಯಂತ್ರಗಳ ಸಂಖ್ಯೆಯನ್ನೇ ಕಡಿಮೆ ಮಾಡುವುದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10 ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಅದರ ಮುಂದಿನ ಆವೃತ್ತಿಯನ್ನು ತಾಳದ ಅನೇಕ ಕಂಪ್ಯೂಟರುಗಳು ಸುಸ್ಥಿತಿಯಲ್ಲಿದ್ದರೂ ಮೂಲೆ ಸೇರುವಂತಾಗಿದೆ. ಅವುಗಳಿಗೆ ಉಚಿತವಾಗಿ ದೊರೆಯುವ ಲಿನಕ್ಸ್ ತಂತ್ರಾಂಶವನ್ನು ಹಾಕಿದರೆ ಗ್ರಾಮೀಣ ಶಾಲೆಯೊಂದರಲ್ಲಿ ಇನ್ನೂ ಹಲವು ವರ್ಷ ದುಡಿಯಬಲ್ಲವು. ಯಂತ್ರ ಸತ್ತಿದೆಯೋ, ಕೇವಲ ಹಳತಾಗಿದೆಯೋ ಎಂದು ಕೇಳಿಕೊಳ್ಳದೆ ಹೊಸದನ್ನು ಕೊಳ್ಳುವುದು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಉಡಿಗೆ ತುಂಬಿಕೊಂಡಂತೆಯೇ ಸರಿ.

ಕಾಯಕವು ದುಡಿಯುವವನ ಕೈಯಲ್ಲಿ ಮಾತ್ರ ಇರುವುದಿಲ್ಲ. ಬಳಸುವವನ ಕೈಯಲ್ಲಿಯೂ, ಕೊನೆಗೆ ಒಪ್ಪಿಸುವವನ ಕೈಯಲ್ಲಿಯೂ ಇದೆ. ಹತ್ತು ವರ್ಷ ಒಂದು ಸಂಸ್ಥೆಯ ಲೆಕ್ಕ ಬರೆದ, ಮಕ್ಕಳಿಗೆ ಪಾಠ ತೋರಿಸಿದ ಯಂತ್ರವು ತನ್ನ ಕೊನೆಯ ದಿನದಲ್ಲಿ ಯಾರ ಮನೆಗೂ ವಿಷವಾಗಿ ಹೋಗಬಾರದು. ಅದನ್ನು ಬಿಚ್ಚುವ ಕೈಗೆ ಗೌರವವೂ ರಕ್ಷಣೆಯೂ ದೊರೆತು, ಅದರೊಳಗಿನ ಲೋಹ ಮತ್ತೆ ಲೋಕದ ಬಳಕೆಗೆ ಬಂದಾಗ ಮಾತ್ರ ಆ ಸಂಸ್ಥೆಯ ಲೆಕ್ಕ ನಿಜವಾಗಿ ಚುಕ್ತಾ ಆಗುತ್ತದೆ. ಮುಂದಿನ ಹರಾಜಿನ ಕಡತಕ್ಕೆ ಸಹಿ ಹಾಕುವ ಪ್ರತಿಯೊಬ್ಬರೂ ಇದನ್ನು ನೆನೆಯಬೇಕು.