ಮೀನು ಸಾಕುವ ಮುನ್ನ ನೀರು ಸಾಕಬೇಕು

ಬ್ಯಾರಿ ಸಮುದಾಯಕ್ಕೆ ಮೀನಿನ ವ್ಯಾಪಾರ ಹೊಸತಲ್ಲ. ಬಂದರಿನಿಂದ ಊರೂರಿಗೆ ಮೀನು ಮುಟ್ಟಿಸಿಯೇ ಎಷ್ಟೋ ಮನೆಗಳು ನಡೆದಿವೆ. ಹೊಸತು ಅಂದರೆ ಮೀನು ಸಾಕೋದು. 2020ರ ಸೆಪ್ಟೆಂಬರ್‌ನಲ್ಲಿ ಶುರುವಾದ 20,050 ಕೋಟಿ ರೂಪಾಯಿಗಳ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಬಯೋಫ್ಲಾಕ್ ಟ್ಯಾಂಕ್‌ಗಳಿಗೂ ಸಹಾಯಧನ ಕೊಡುತ್ತದೆ. ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ. 60. ಹಿತ್ತಿಲಲ್ಲೇ ಟ್ಯಾಂಕ್ ಕಟ್ಟಿ ದುಡಿಯಬಹುದು ಎಂಬ ಆಸೆ ಯುವಕರಿಗೆ ಹುಟ್ಟಿದ್ದು ಸಹಜ.

ಆದರೆ ಟ್ಯಾಂಕ್, ಮೋಟಾರ್, ಮರಿ, ಫೀಡ್ ಎಲ್ಲದರ ಲೆಕ್ಕ ಹಾಕುವವರು ಒಂದನ್ನು ಮಾತ್ರ ಮರೆಯುತ್ತಾರೆ. ಅದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಸಾಕಣೆಯಲ್ಲಿ ನಿಜವಾದ ಕೆಲಸಗಾರರು ಅವೇ.

ಮೀನು ತಿಂದ ಪ್ರೋಟೀನಿನ ದೊಡ್ಡ ಪಾಲು ಕಿವಿರಿನ ಮೂಲಕ ಅಮೋನಿಯಾ ಆಗಿ ನೀರಿಗೆ ಬರುತ್ತೆ. ಅಮೋನಿಯಾ ವಿಷ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಗುಂಪು ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಹೊಸ ಟ್ಯಾಂಕಿನಲ್ಲಿ ಈ ಎರಡೂ ಗುಂಪು ನೆಲೆಯೂರಲು ಕೆಲವು ವಾರ ಬೇಕು. ಮೊದಲ ವಾರವೇ ಮರಿ ತುಂಬಿಸಿದರೆ ಸಾಯೋದು ರೋಗದಿಂದಲ್ಲ, ಅವಸರದಿಂದ. ಬಯೋಫ್ಲಾಕ್‌ನಲ್ಲಿ ಬೆಲ್ಲ ಅಥವಾ ಕಾಕಂಬಿ ಹಾಕೋದು ಕೂಡ ಮೀನಿಗಲ್ಲ, ಬ್ಯಾಕ್ಟೀರಿಯಾಕ್ಕೆ. ಅವು ಸಿಹಿಯ ಜೊತೆ ಅಮೋನಿಯಾವನ್ನೂ ತಿಂದು ಬೆಳೆದು, ಕೊನೆಗೆ ತಾವೇ ಮೀನಿಗೆ ಆಹಾರವಾಗುತ್ತವೆ. ಮೀನಿನಷ್ಟೇ ಆಮ್ಲಜನಕ ಅವಕ್ಕೂ ಬೇಕು. ಆದ್ದರಿಂದಲೇ ಕರೆಂಟು ಹೋಗಿ ಗಾಳಿಯ ಪಂಪ್ ನಿಂತರೆ ಕೆಲವೇ ಗಂಟೆಗಳಲ್ಲಿ ಟ್ಯಾಂಕ್ ಖಾಲಿ.

ಮೀನಿನ ಮೈಮೇಲೂ ಇಂಥದ್ದೇ ಒಂದು ಲೋಕವಿದೆ. ಮನುಷ್ಯನ ಚರ್ಮದ ಹೊರಪದರ ಸತ್ತ ಕೋಶಗಳದ್ದು, ಮೀನಿನದ್ದು ಹಾಗಲ್ಲ, ಜೀವಂತ ಕೋಶಗಳದ್ದು. ಅದರ ಕವಚ ಅಂದರೆ ಕೈಗೆ ಜಾರುವ ಆ ಲೋಳೆ. ಲೋಳೆಯಲ್ಲಿ ರೋಗಾಣು ಕೊಲ್ಲುವ ವಸ್ತುಗಳಿವೆ. ಜೊತೆಗೆ ಅಲ್ಲೇ ನೆಲೆಸಿದ ಬ್ಯಾಕ್ಟೀರಿಯಾಗಳು ಹೊರಗಿನ ರೋಗಾಣುಗಳಿಗೆ ಸುಲಭವಾಗಿ ಜಾಗ ಬಿಡೋದಿಲ್ಲ. ಮೀನನ್ನು ಒರಟಾಗಿ ಹಿಡಿದಾಗ, ಮಿತಿಮೀರಿ ತುಂಬಿದಾಗ ಲೋಳೆ ಕಿತ್ತುಹೋಗುತ್ತೆ. ಆಗ ಅದೇ ನೀರಲ್ಲಿ ಸುಮ್ಮನಿದ್ದ ಏರೋಮೊನಾಸ್, ಫ್ಲಾವೊಬ್ಯಾಕ್ಟೀರಿಯಂ ಹುಣ್ಣು ಮಾಡುತ್ತವೆ.

ಹುಣ್ಣು ಕಂಡ ಕೂಡಲೇ ಅಂಗಡಿಯಿಂದ ಆ್ಯಂಟಿಬಯಾಟಿಕ್ ತಂದು ಸುರಿಯೋದು ಇಲ್ಲಿ ಆಗುವ ದೊಡ್ಡ ತಪ್ಪು. ಅದು ರೋಗಾಣುವಿನ ಜೊತೆ ಅಮೋನಿಯಾ ತಿನ್ನುವ ಕೆಲಸಗಾರರನ್ನೂ ಕೊಲ್ಲಬಹುದು. ಬದುಕುಳಿದವು ಔಷಧಿಗೆ ಬಗ್ಗದಂತಾಗುತ್ತವೆ, ಆ ಗುಣವನ್ನು ಬೇರೆ ಬ್ಯಾಕ್ಟೀರಿಯಾಗಳಿಗೂ ದಾಟಿಸುತ್ತವೆ. ನಾಳೆ ಆಸ್ಪತ್ರೆಯಲ್ಲಿ ಮಗುವಿಗೆ ಬೇಕಾಗೋದು ಅದೇ ಔಷಧಿ. ಈ ಭಯದಿಂದಲೇ ಕೇಂದ್ರ ಸರಕಾರ 2019ರಲ್ಲಿ ಕೊಲಿಸ್ಟಿನ್ ಔಷಧಿಯನ್ನು ಕೋಳಿ, ಜಾನುವಾರು, ಮೀನು ಸಾಕಣೆಯಲ್ಲಿ ನಿಷೇಧಿಸಿತು.

ಕೆರೆಯಲ್ಲಿ ಮೀನು ಬಿಡುವವರಿಗೆ ಇನ್ನೊಂದು ಪಾಠವಿದೆ. ತಮಿಳುನಾಡಿನ ಸೂಲೂರಿನ ಕೆರೆಗಳಿಗೆ ನೀರು ಕೊಡುವ ನೊಯ್ಯಲ್ ನದಿ, ಕೊಯಮತ್ತೂರು ನಗರದ ಚರಂಡಿ ನೀರನ್ನೂ ಹೊತ್ತು ಬರುತ್ತದೆ. ಚರಂಡಿ ಸೇರಿದ ಕೆರೆಗೆ ಊರಿನ ಬ್ಯಾಕ್ಟೀರಿಯಾ, ಊರು ನುಂಗಿದ ಔಷಧಿಯ ಶೇಷ ಎರಡೂ ಸೇರುತ್ತವೆ. ಅಂಥಲ್ಲಿ ಮೀನಿನ ಆರೋಗ್ಯ ಸಾಕುವವನೊಬ್ಬನ ಕೈಯಲ್ಲಿಲ್ಲ, ನಗರಸಭೆಯ ಕೈಯಲ್ಲೂ ಇದೆ.

ದಾರಿ ಇಲ್ಲವೆಂದಲ್ಲ. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ದೇಶದ ಮೊದಲ ಮೀನುಗಾರಿಕಾ ಕಾಲೇಜು. ಏರೋಮೊನಾಸ್ ಬ್ಯಾಕ್ಟೀರಿಯಾವನ್ನು ಕೈಟಿನ್ ಚೂರುಗಳ ಮೇಲೆ ಪದರವಾಗಿ ಬೆಳೆಸಿ, ನಿಷ್ಕ್ರಿಯಗೊಳಿಸಿ, ಆಹಾರದ ಜೊತೆ ತಿನ್ನಿಸುವ ಲಸಿಕೆಯ ಸಂಶೋಧನೆ 1990ರ ದಶಕದಲ್ಲೇ ಅಲ್ಲಿ ನಡೆದಿದೆ. ಇಷ್ಟು ತಿಳಿವಳಿಕೆ ಮನೆಬಾಗಿಲಲ್ಲೇ ಇರುವಾಗ ಯುವಕರು ಬರೀ ಯೂಟ್ಯೂಬ್ ನಂಬಿ ಸಾಲ ಮಾಡಬೇಕಾಗಿಲ್ಲ. ಸಹಾಯಧನದ ಅರ್ಜಿಯ ಜೊತೆಗೆ ತರಬೇತಿಯನ್ನೂ ಕೇಳಿ ಪಡೆಯಬೇಕು. ಅಮೋನಿಯಾ, ನೈಟ್ರೈಟ್ ಅಳೆಯುವ ಕಿಟ್ ಮೊದಲು ಕೊಳ್ಳಬೇಕು, ಮರಿ ಆಮೇಲೆ. ಮೀನು ಸತ್ತರೆ ಮೊದಲು ನೀರು ಪರೀಕ್ಷಿಸಬೇಕು, ಔಷಧಿಯ ಮಾತು ತಜ್ಞರು ನೋಡಿದ ನಂತರ. ಜಮಾಅತ್ ಮತ್ತು ಯುವಕ ಸಂಘಗಳು ಒಂದು ದಿನದ ತರಬೇತಿ ಶಿಬಿರ ಏರ್ಪಡಿಸಿದರೂ ಎಷ್ಟೋ ಮನೆಗಳ ಉಳಿತಾಯ ನೀರುಪಾಲಾಗೋದು ತಪ್ಪುತ್ತದೆ.