ಶಾಪವಲ್ಲ, ವಂಶದ ಕಳಂಕವೂ ಅಲ್ಲ

ಸುವರ್ಣ ಮಹೋತ್ಸವದ ಸಂಭ್ರಮದಲ್ಲಿ, ಶಾಲೆಯ ಮೆಟ್ಟಿಲೇರಲಾಗದೆ ಹೋದ ನಮ್ಮ ನಾಡಿನ ಮಕ್ಕಳನ್ನೂ ನೆನೆಯುವುದು ಉಚಿತ.

ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ 2000ದವರೆಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆಯ ಪಡ್ರೆಯಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯಗಳ ಆಧಿಕ್ಯವನ್ನು ಕಂಡು ಎಚ್ಚರಿಸಿದವರು ಅಲ್ಲಿನ ವೈದ್ಯ ಡಾ. ವೈ. ಎಸ್. ಮೋಹನಕುಮಾರ್. ಅದನ್ನು ದೈವದ ಮುನಿಸೆಂದು ನಂಬಿದವರೂ ಇದ್ದರು. 2011ರಲ್ಲಿ ಸುಪ್ರೀಂ ಕೋರ್ಟು ಈ ಕೀಟನಾಶಕವನ್ನು ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ನೀಡಲು ಆದೇಶಿಸಿತು.

ಪ್ರತಿಯೊಂದು ವೈಕಲ್ಯಕ್ಕೂ ವಿಷವೇ ಕಾರಣವೆನ್ನಲಾಗದು. ರಕ್ತಸಂಬಂಧದ ವಿವಾಹ, ಪೋಷಕಾಂಶದ ಕೊರತೆ, ಗರ್ಭಿಣಿಗೆ ತಗಲುವ ರುಬೆಲ್ಲಾದಂತಹ ಸೋಂಕುಗಳೂ ಕಾರಣವಾಗಬಲ್ಲವು. ಆದರೆ ‘ವಂಶದ ದೋಷ’ವೆಂದು ಕೈತೊಳೆದುಕೊಳ್ಳುವುದು ವಿಜ್ಞಾನವಲ್ಲ, ವಂಶವಾಹಿ ಮತ್ತು ಪರಿಸರಗಳೆರಡೂ ಕೂಡಿ ಉಂಟುಮಾಡುವ ವೈಕಲ್ಯಗಳು ಹಲವು. ಆ ಮಾತಿನಿಂದ ಮನೆಯ ಹೆಣ್ಣುಮಕ್ಕಳ ಮದುವೆಗೂ ಕುತ್ತು ಬರುತ್ತದೆ.

ಭ್ರೂಣದ ಮಿದುಳು, ಬೆನ್ನುಹುರಿಗಳಾಗುವ ನಳಿಕೆಯು ಗರ್ಭಧಾರಣೆಯ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಗರ್ಭ ನಿಂತದ್ದು ತಿಳಿಯುವ ಹೊತ್ತಿಗೆ ತಡವಾಗಿರಬಹುದು. ಆದುದರಿಂದ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಗರ್ಭಧಾರಣೆಗೆ ಮೊದಲೇ ಆರಂಭಿಸಬೇಕು.

ಪ್ರತಿ ಪಂಚಾಯತಿಯಲ್ಲೂ ಜನ್ಮಜಾತ ವೈಕಲ್ಯಗಳ ದಾಖಲೆ ಪುಸ್ತಕವಿರಲಿ. ಲೆಕ್ಕವಿದ್ದರೆ ಮುಂದಿನ ಅನಾಹುತದ ಸುಳಿವು ಇಪ್ಪತ್ತು ವರ್ಷ ಕಾಯದೆ ಸಿಕ್ಕೀತು. ವಂಶವಾಹಿ ಸಲಹೆಯು ತಾಯಂದಿರಿಗೆ ಅರ್ಥವಾಗುವ ಕನ್ನಡ, ತುಳುಗಳಲ್ಲಿ ದೊರೆಯಲಿ. ವೈದ್ಯರೂ ಶಿಕ್ಷಕರೂ ಆಗಿರುವ ನಮ್ಮ ಹಳೆ ವಿದ್ಯಾರ್ಥಿಗಳು ಈ ಕಾರ್ಯಕ್ಕೆ ಮುಂದಾದರೆ, ಶಾಲೆ ಕಲಿಸಿದ ಅಕ್ಷರ ಸಾರ್ಥಕವಾದೀತು.