ಅಗ್ಗದ ಪೋರ್ಷೆ ಏಕೆ ಅಗ್ಗ?

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ಈಚೆಗೆ ಒಂದು ಫೋಟೊ ಕಳಿಸಿದ. ಬೆಳ್ಳಿ ಬಣ್ಣದ, ಎರಡೇ ಸೀಟಿನ, ಬಟ್ಟೆಯ ಟಾಪನ್ನು ಹಿಂದಕ್ಕೆ ಮಡಚಿಟ್ಟ ಪೋರ್ಷೆ ಬಾಕ್ಸ್‌ಸ್ಟರ್. 2001ರ ಮಾಡೆಲ್. ಮಾರುವವನು ಕೇಳುತ್ತಿದ್ದದ್ದು 12 ಸಾವಿರ ಡಾಲರ್. ಅಲ್ಲಿ ನಾಲ್ಕೈದು ವರ್ಷ ಓಡಿದ ಟೊಯೊಟಾ ಕ್ಯಾಮ್ರಿಗೂ ಇದಕ್ಕಿಂತ ಹೆಚ್ಚು ಎಣಿಸಬೇಕು. ‘ಮಾವ, ಪೋರ್ಷೆ ಈ ರೇಟಿಗೆ! ತಗೊಂಡ್‌ಬಿಡ್ಲಾ?’ ಎಂದು ಕೇಳಿದ್ದ. ಹೂಂ, ಊಹೂಂ ಎಂದು ಒಂದೇ ಮಾತಿನಲ್ಲಿ ಮುಗಿಸುವ ಪ್ರಶ್ನೆಯಲ್ಲ ಅದು. ಬೆಂಗಳೂರಿನಲ್ಲೂ ಹಳೆಯ ಸ್ಪೋರ್ಟ್ಸ್ ಕಾರುಗಳ ಮೇಲೆ ಕಣ್ಣು ಹಾಕುವವರು ಹೆಚ್ಚಾಗುತ್ತಿರುವುದರಿಂದ, ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬಾಕ್ಸ್‌ಸ್ಟರ್ 1997ರ ಮಾಡೆಲ್ ಆಗಿ ಅಮೆರಿಕಕ್ಕೆ ಬಂದಾಗ ಅದರ ಬೆಲೆ 39,980 ಡಾಲರ್. ಇಪ್ಪತ್ತು ವರ್ಷ ದಾಟಿದ ಕಾರಿನ ಬೆಲೆ ಅದರ ಮೂರರಲ್ಲೊಂದು ಪಾಲಿಗೆ ಇಳಿಯುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಕಾರು ಹಳೆಯದಾಯಿತು ಎಂಬ ಸುದ್ದಿ ಅದರ ಕ್ಲಚ್ಚಿಗೆ, ಬ್ರೇಕ್ ಡಿಸ್ಕಿಗೆ, ರೇಡಿಯೇಟರಿಗೆ ತಲುಪುವುದೇ ಇಲ್ಲ. ಸ್ಪೇರ್ ಪಾರ್ಟ್ಸ್ ಅಂಗಡಿಯವನ ಪಾಲಿಗೆ ಅದು ಇನ್ನೂ 40 ಸಾವಿರ ಡಾಲರಿನ ಕಾರೇ. ಮೆಕ್ಯಾನಿಕ್ಕಿನ ಗಂಟೆಯ ಕೂಲಿಯಂತೂ ವರ್ಷವರ್ಷ ಏರಿದೆ. ಕೊಳ್ಳುವ ದರ ಇಳಿದು ಸಾಕುವ ದರ ಏರುತ್ತ ಹೋದಾಗ ಎಲ್ಲೋ ಒಂದು ಕಡೆ ಎರಡೂ ಸಂಧಿಸುತ್ತವೆ. ಒಂದು ದೊಡ್ಡ ರಿಪೇರಿಯ ಬಿಲ್ಲು ಕಾರಿನ ಬೆಲೆಯಷ್ಟೇ ಆಗುವ ಆ ಜಾಗದಲ್ಲೇ ಮಾಲೀಕರು ಕಾರನ್ನು ಮಾರಾಟಕ್ಕಿಡುತ್ತಾರೆ. ಜಾಹೀರಾತಿನಲ್ಲಿ ನಮಗೆ ಅಗ್ಗವಾಗಿ ಕಾಣುವುದು ಇನ್ನೊಬ್ಬರು ಮುಂದೂಡಿದ ಖರ್ಚು.

ಬಾಕ್ಸ್‌ಸ್ಟರ್ ವಿಷಯದಲ್ಲಿ ಈ ಮುಂದೂಡಿದ ಖರ್ಚಿಗೆ ಒಂದು ನಿರ್ದಿಷ್ಟ ಹೆಸರಿದೆ. ಅದಕ್ಕೆ ಮೊದಲು ಸ್ವಲ್ಪ ಹಿನ್ನೆಲೆ.

1990ರ ದಶಕದ ಆರಂಭದಲ್ಲಿ ಪೋರ್ಷೆ ಕಂಪನಿಯ ಸ್ಥಿತಿ ಚೆನ್ನಾಗಿರಲಿಲ್ಲ. ಮಾರಾಟ ಕುಸಿದಿತ್ತು, ಕಾರು ತಯಾರಿಕೆಗೆ ಬೇಕಾಗುತ್ತಿದ್ದ ಸಮಯವೂ ಹಣವೂ ಅತಿಯಾಗಿತ್ತು. ಚುಕ್ಕಾಣಿ ಹಿಡಿದ ವೆಂಡೆಲಿನ್ ವೀಡೆಕಿಂಗ್ ಅವರು ಜಪಾನಿನಿಂದ, ಟೊಯೊಟಾ ಪದ್ಧತಿಯಲ್ಲಿ ಪಳಗಿದ ಸಲಹೆಗಾರರನ್ನು ಕರೆಸಿ ಜರ್ಮನಿಯ ಕಾರ್ಖಾನೆಯನ್ನು ಬುಡಮೇಲು ಮಾಡಿದರು. 1993ರ ಡೆಟ್ರಾಯಿಟ್ ಪ್ರದರ್ಶನದಲ್ಲಿ ಮಾದರಿಯಾಗಿ ಕಾಣಿಸಿ, 1996ರಲ್ಲಿ ರಸ್ತೆಗಿಳಿದ ಬಾಕ್ಸ್‌ಸ್ಟರ್ ಆ ಬದಲಾವಣೆಯ ಕೂಸು. ಖರ್ಚು ಉಳಿಸಲು ಅದರ ಬಾಗಿಲು, ಹೆಡ್‌ಲೈಟು, ಮುಂಭಾಗವನ್ನೆಲ್ಲ ಕಂಪನಿಯದೇ ದುಬಾರಿ 911 ಕಾರಿನ ಜೊತೆ ಹಂಚಿಕೊಂಡರು. ಅದುವರೆಗೆ 911ರ ಇಂಜಿನ್ನು ಗಾಳಿಯಿಂದ ತಣಿಯುತ್ತಿತ್ತು. ಈಗ ಎರಡಕ್ಕೂ ಹೊಸದಾಗಿ, ನೀರಿನಿಂದ ತಣಿಯುವ ಆರು ಸಿಲಿಂಡರಿನ ಇಂಜಿನ್ ಬಂತು. ಕಂಪನಿಯನ್ನು ಉಳಿಸಿದ ಕಾರು ಎಂದು ಇದನ್ನು ಹೊಗಳುವುದುಂಟು. ಹೊಗಳಿಕೆ ಸರಿಯೇ. ಆದರೆ ಆ ಇಂಜಿನ್ನಿನ ಒಳಗೆ, ಹಿಡಿಯಲ್ಲಿ ಮುಚ್ಚಿಹಿಡಿಯಬಹುದಾದಷ್ಟು ಸಣ್ಣ ಒಂದು ಬೇರಿಂಗ್ ಕೂತಿತ್ತು.

ಇಂಜಿನ್ ಒಳಗೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ ಕ್ರ್ಯಾಂಕ್‌ಶಾಫ್ಟ್. ಗಾಳಿ ಒಳಬಿಡುವ, ಹೊಗೆ ಹೊರಬಿಡುವ ವಾಲ್ವ್‌ಗಳನ್ನು ತೆರೆದು ಮುಚ್ಚುವುದು ಕ್ಯಾಮ್‌ಶಾಫ್ಟ್. ಎರಡಕ್ಕೂ ತಾಳ ತಪ್ಪಬಾರದು. ತಪ್ಪಿದರೆ ಮೇಲೆ ಬರುವ ಪಿಸ್ಟನ್ ಇನ್ನೂ ತೆರೆದಿರುವ ವಾಲ್ವಿಗೆ ಹೋಗಿ ಬಡಿಯುತ್ತದೆ. ಈ ಇಂಜಿನ್ನಿನಲ್ಲಿ ಇಬ್ಬರ ನಡುವೆ ಸಂದೇಶ ಒಯ್ಯಲು ಮೂರನೆಯದೊಂದು ದಂಡವಿದೆ, ಇಂಟರ್‌ಮೀಡಿಯೆಟ್ ಶಾಫ್ಟ್. ಕ್ರ್ಯಾಂಕ್ ಅದನ್ನು ಸರಪಳಿಯಿಂದ ತಿರುಗಿಸುತ್ತದೆ, ಅದು ಬೇರೆ ಸರಪಳಿಗಳಿಂದ ಕ್ಯಾಮ್‌ಗಳನ್ನು ತಿರುಗಿಸುತ್ತದೆ. ಅದರ ಹಿಂದಿನ ತುದಿಯನ್ನು ಹಿಡಿದಿರುವುದೇ ನಾನು ಹೇಳಿದ ಬೇರಿಂಗ್. ಕಾರಿನವರ ಬಾಯಲ್ಲಿ ಇದು ಐಎಂಎಸ್ ಬೇರಿಂಗ್.

ನಮ್ಮ ಮನೆಯ ಸೀಲಿಂಗ್ ಫ್ಯಾನಿನಲ್ಲೂ ಇಂಥದ್ದೇ ಗುಂಡುಗಳ ಬೇರಿಂಗ್ ಇರುತ್ತದೆ. ಒಳಗೆ ಗ್ರೀಸ್ ತುಂಬಿ, ಎರಡೂ ಬದಿಗೆ ಮುಚ್ಚಳ ಹಾಕಿ ಸೀಲ್ ಮಾಡಿರುತ್ತಾರೆ. ಫ್ಯಾನಿನಲ್ಲಿ ಅದು ವರ್ಷಗಟ್ಟಲೆ ಬಾಳುವುದಕ್ಕೆ ಕಾರಣ, ಅಲ್ಲಿ ಬಿಸಿ ಆಯಿಲ್ ಇಲ್ಲ. ಪೋರ್ಷೆಯವರು ಈ ಜಾತಿಯ ಬೇರಿಂಗನ್ನು ಕುದಿಯುವ ಇಂಜಿನ್ ಆಯಿಲ್ ನಡುವೆ ಕೂರಿಸಿದರು. ಕಾಲ ಕಳೆದಂತೆ ಸೀಲ್ ಸಡಿಲಗೊಂಡು ಆಯಿಲ್ ಒಳನುಸುಳುತ್ತದೆ, ಗ್ರೀಸನ್ನು ತೊಳೆದುಹಾಕುತ್ತದೆ. ಒಳಹೋದ ಆಯಿಲ್ ಹೊರಬರಲು ದಾರಿಯಿಲ್ಲದೆ ಅಲ್ಲೇ ಹಳಸುತ್ತದೆ. ಗುಂಡುಗಳು ಸವೆದು, ಶಾಫ್ಟ್ ಅಲ್ಲಾಡಿ, ಸರಪಳಿ ಹಲ್ಲು ಜಿಗಿದು, ತಾಳ ತಪ್ಪುತ್ತದೆ. ಎಷ್ಟೋ ಸಲ ಚಾಲಕನಿಗೆ ಮುನ್ಸೂಚನೆಯೂ ಸಿಗುವುದಿಲ್ಲ. ಇಂಜಿನ್ ಅಲ್ಲಿಗೆ ಮುಗಿಯಿತು. ಇನ್ನೊಂದು ಇಂಜಿನ್ ಹಾಕಿಸುವ ಖರ್ಚು ಇಂಥ ಕಾರಿನ ಬೆಲೆಯನ್ನು ಸುಲಭವಾಗಿ ಮೀರುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಬಹುಪಾಲು ಕಾರುಗಳಲ್ಲಿ ಈ ಬೇರಿಂಗ್ ಮುರಿಯಲೇ ಇಲ್ಲ. ಮೊದಲ ವರ್ಷಗಳ ಕಾರುಗಳಲ್ಲಿದ್ದದ್ದು ಎರಡು ಸಾಲು ಗುಂಡುಗಳ ಬೇರಿಂಗ್, ಅದು ಗಟ್ಟಿ. 2000ದ ಹೊತ್ತಿಗೆ ಒಂದೇ ಸಾಲಿನದನ್ನು ಹಾಕತೊಡಗಿದ ಮೇಲೆ ದೂರುಗಳು ಜಾಸ್ತಿಯಾದವು. 2001ರಿಂದ 2005ರ ನಡುವಿನ ಮಾಡೆಲ್‌ಗಳ ಮಾಲೀಕರ ಪರವಾಗಿ ಅಮೆರಿಕದಲ್ಲಿ ಹೂಡಿದ ಸಾಮೂಹಿಕ ದಾವೆ 2013ರಲ್ಲಿ ರಾಜಿಯಲ್ಲಿ ಕೊನೆಗೊಂಡಿತು. 2006ರ ಸುಮಾರಿಗೆ ಬೇರಿಂಗನ್ನು ದೊಡ್ಡದು ಮಾಡಿದರು. 2009ರ ಮಾಡೆಲ್‌ನಿಂದ ಬಂದ ಹೊಸ ಇಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ. ಭಯ ಮಾತ್ರ ಎಲ್ಲ ಹಳೆಯ ಬಾಕ್ಸ್‌ಸ್ಟರ್‌ಗಳಿಗೂ ಸಮನಾಗಿ ಅಂಟಿಕೊಂಡಿತು, ಬೆಲೆಯೂ ಅದಕ್ಕೆ ತಕ್ಕಂತೆ ಬಿತ್ತು. ವಿಷಯ ತಿಳಿದವನಿಗೆ ಇದು ಲಾಭವೂ ಹೌದು.

ಪರಿಹಾರವಿಲ್ಲವೇ? ಇದೆ. ಸುಧಾರಿಸಿದ ಬೇರಿಂಗ್‌ಗಳು ಬಿಡಿಯಾಗಿ ಸಿಗುತ್ತವೆ. ಆದರೆ ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸ್ ಇಳಿಸಬೇಕು, ಕ್ಲಚ್ ಬಿಚ್ಚಬೇಕು, ಫ್ಲೈವೀಲ್ ತೆಗೆಯಬೇಕು. ಬೇರಿಂಗಿನ ಬೆಲೆಗಿಂತ ಅಲ್ಲಿಗೆ ತಲುಪುವ ಕೂಲಿಯೇ ದೊಡ್ಡದು. ಆದ್ದರಿಂದ ಜಾಣ ಮಾಲೀಕರು ಕ್ಲಚ್ ಸವೆದು ಹೇಗೂ ಗೇರ್‌ಬಾಕ್ಸ್ ಇಳಿಸುವ ದಿನಕ್ಕೆ ಕಾಯುತ್ತಾರೆ. ಒಂದೇ ಕೂಲಿಯಲ್ಲಿ ಕ್ಲಚ್, ಬೇರಿಂಗ್, ಪಕ್ಕದ ಆಯಿಲ್ ಸೀಲ್ ಮೂರೂ ಮುಗಿಯುತ್ತವೆ. ಅಮೆರಿಕದಲ್ಲಿ ಇದಕ್ಕೆ ಎರಡು ಮೂರು ಸಾವಿರ ಡಾಲರ್ ತಗಲುತ್ತದೆ. ನನ್ನ ಅಳಿಯನಿಗೆ ನಾನು ಮೊದಲು ಕೇಳಲು ಹೇಳಿದ್ದು ಇದನ್ನೇ: ಕ್ಲಚ್ ಬದಲಾಯಿಸಿದ್ದು ಯಾವಾಗ, ಆಗ ಬೇರಿಂಗ್ ಹಾಕಿಸಿದ್ದಾರೆಯೇ, ಬಿಲ್ಲು ಎಲ್ಲಿ? ಬೆಳ್ಳಿ ಕಾರಿನವನು ಬೇರಿಂಗ್ ಹಾಕಿಸಿದ್ದೇನೆ ಎಂದ, ಬಿಲ್ಲು ಹುಡುಕಿ ಕಳಿಸುತ್ತೇನೆ ಎಂದ, ಮತ್ತೆ ಮಾತಾಡಲಿಲ್ಲ.

ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತರನ್ನು ನೋಡಿದ್ದೀರಿ. ಕೊಂಬಿಗೆ ಬಳಿದ ಬಣ್ಣಕ್ಕೆ ಅವರು ಮರುಳಾಗುವುದಿಲ್ಲ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರಕ್ಕೆ ಕೂರುವುದು ಅದಾದ ಮೇಲೆ. ಕಾರಿನಲ್ಲಿ ಹಲ್ಲು ಎಣಿಸುವ ಕೆಲಸವನ್ನು ಆ ಮಾಡೆಲ್ ಬಲ್ಲ ಮೆಕ್ಯಾನಿಕ್ಕಿಗೇ ಬಿಡಬೇಕು, ಅದಕ್ಕೆ ದುಡ್ಡು ಕೊಡಬೇಕು. ಬಾಕ್ಸ್‌ಸ್ಟರ್‌ನಲ್ಲಿ ಇದು ಇನ್ನೂ ಅಗತ್ಯ, ಏಕೆಂದರೆ ಇಂಜಿನ್ ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ಮುಂದೆ ಒಂದು ಡಿಕ್ಕಿ, ಹಿಂದೆ ಒಂದು ಡಿಕ್ಕಿ. ಯಾವುದನ್ನು ತೆರೆದರೂ ಸಾಮಾನು ಇಡುವ ಜಾಗ. ಇಂಜಿನ್ ಸೀಟಿನ ಹಿಂದೆ ಹುದುಗಿರುತ್ತದೆ.

ಬಲ್ಲವನು ಮಾಡುವ ಪರೀಕ್ಷೆಗಳಲ್ಲಿ ಎರಡು ನನಗೆ ಬಹಳ ಇಷ್ಟ. ಒಂದು, ಹಳೆಯ ಆಯಿಲ್ ಫಿಲ್ಟರನ್ನು ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡುವುದು. ಒಳಗಡೆ ಲೋಹದ ಮಿನುಗು ಕಂಡರೆ ಏನೋ ಸವೆಯುತ್ತಿದೆ ಎಂದೇ ಅರ್ಥ. ಇನ್ನೊಂದು, ಕಾರಿನ ಕಂಪ್ಯೂಟರಿಗೆ ಯಂತ್ರ ಜೋಡಿಸಿ ಅದರ ನೆನಪನ್ನು ಓದುವುದು. ಐದನೆಯ ಗೇರಿನಿಂದ ನಾಲ್ಕಕ್ಕೆ ಇಳಿಸುವ ಬದಲು ಅವಸರದಲ್ಲಿ ಎರಡಕ್ಕೆ ತಳ್ಳಿದರೆ ಚಕ್ರಗಳೇ ಇಂಜಿನ್ನನ್ನು ಅದರ ಮಿತಿ ಮೀರಿ ತಿರುಗಿಸಿಬಿಡುತ್ತವೆ. ಅದನ್ನು ತಡೆಯುವ ಶಕ್ತಿ ಕಂಪ್ಯೂಟರಿಗಿಲ್ಲ, ಆದರೆ ಎಷ್ಟು ಸಲ ಹಾಗಾಯಿತು ಎಂದು ಬರೆದಿಟ್ಟುಕೊಳ್ಳುತ್ತದೆ. ‘ವಾರಕ್ಕೊಮ್ಮೆ ದೇವಸ್ಥಾನಕ್ಕೆ ಹೋಗಿ ಬರ್ತಿದ್ವಿ ಅಷ್ಟೇ’ ಎಂಬ ಮಾಲೀಕನ ಮಾತನ್ನು ತಾಳೆ ನೋಡಲು ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ.

ಟೈರನ್ನು ನೀವೇ ನೋಡಬಹುದು. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಗೀರು ಎಷ್ಟೇ ಆಳವಿರಲಿ, ರಬ್ಬರ್ ಗಟ್ಟಿಯಾದ ಹಳೆಯ ಟೈರು ವೇಗದ ಕಾರಿಗೆ ಅಪಾಯ. ಬಾಕ್ಸ್‌ಸ್ಟರ್‌ನಲ್ಲಿ ಹಿಂದಿನ ಟೈರು ಮುಂದಿನದಕ್ಕಿಂತ ಅಗಲ, ಹಾಗಾಗಿ ಹಿಂದೆ ಮುಂದೆ ಅದಲುಬದಲು ಮಾಡಿ ಆಯುಷ್ಯ ಎಳೆಯುವ ನಮ್ಮ ರೂಢಿ ಇಲ್ಲಿ ನಡೆಯದು. ಬಂಪರಿನ ಎರಡು ತುದಿಯ ಗಾಳಿಕಿಂಡಿಗಳಲ್ಲಿ ಒಣ ಎಲೆ ತುಂಬಿದ್ದರೆ ಒಳಗಿನ ರೇಡಿಯೇಟರ್ ಕೊಳೆಯುತ್ತಿರಬಹುದು. ಟಾಪಿನ ನೀರು ಹರಿದುಹೋಗುವ ತೂತು ಕಟ್ಟಿಕೊಂಡರೆ ಮಳೆನೀರು ಸೀಟಿನ ಅಡಿ ಸೇರುತ್ತದೆ, ಮತ್ತು ಕೀಲಿಯನ್ನು ಗುರುತಿಸಿ ಕಾರು ಚಾಲೂ ಮಾಡುವ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಅಲ್ಲಿಯೇ ಇಟ್ಟಿದ್ದಾರೆ! ಜರ್ಮನ್ ಇಂಜಿನಿಯರಿಂಗ್ ಎಂದು ಕೈಮುಗಿಯುವವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಕಡಿಮೆ ಓಡಿದ ಕಾರು ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಸ್ಪೋರ್ಟ್ಸ್ ಕಾರಿಗೆ ಅದು ಅಷ್ಟಾಗಿ ಹೊಂದುವುದಿಲ್ಲ. ಗ್ಯಾರೇಜಿನಲ್ಲಿ ಕವರ್ ಹೊದ್ದು ಕೂತ ಕಾರಿನಲ್ಲಿ ಸೀಲುಗಳು ಒಣಗುತ್ತವೆ, ಆಯಿಲ್‌ನಲ್ಲಿ ತೇವ ಸೇರುತ್ತದೆ, ಬ್ಯಾಟರಿ ಸಾಯುತ್ತದೆ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಕಾರು ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಲೇಬೇಕು. ಆಯಿಲ್ ಕೂಡ ಹಾಗೆಯೇ, ಕಿಲೋಮೀಟರ್ ಆಗಿಲ್ಲ ಎಂದು ಬಿಡುವಂತಿಲ್ಲ, ವರ್ಷಕ್ಕೊಮ್ಮೆ ಹೊಸದು. ಇಪ್ಪತ್ತು ವರ್ಷದಲ್ಲಿ 30 ಸಾವಿರ ಕಿಲೋಮೀಟರ್ ಓಡಿದ ಕಾರಿಗಿಂತ, ಕ್ರಮವಾಗಿ ಬಿಲ್ಲುಗಳಿರುವ ಲಕ್ಷ ಕಿಲೋಮೀಟರಿನ ಕಾರನ್ನೇ ನಾನು ಆರಿಸುತ್ತೇನೆ.

ಇನ್ನು ಬೆಂಗಳೂರಿನ ಕಡೆಗೆ ಬರೋಣ. ಪೋರ್ಷೆ ಭಾರತಕ್ಕೆ ಅಧಿಕೃತವಾಗಿ ಬಂದದ್ದು 2004ರ ಸುಮಾರಿಗೆ. ಆದ್ದರಿಂದ ಇಲ್ಲಿ ಸೆಕೆಂಡ್ ಹ್ಯಾಂಡ್ ಸಿಗುವುದು ಹೆಚ್ಚಾಗಿ ನಂತರದ ಪೀಳಿಗೆಯವು. ವಿದೇಶದಲ್ಲಿ ಅಗ್ಗವಾಗಿ ಕೊಂಡು ಇಲ್ಲಿಗೆ ತರುತ್ತೇನೆ ಎಂಬ ಯೋಚನೆ ಬೇಡ. ತಯಾರಾಗಿ ಮೂರು ವರ್ಷ ದಾಟಿದ ಬಳಸಿದ ಕಾರನ್ನು ಆಮದು ಮಾಡಿಕೊಳ್ಳಲು ನಮ್ಮ ನಿಯಮ ಬಿಡುವುದಿಲ್ಲ. ರಸ್ತೆಗಳ ಕಥೆ ಗೊತ್ತೇ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಹಾಗಿದ್ದರೆ ತಗ್ಗಿನ ಕಾರೂ ಓರೆಯಾಗಿ ಮೆಲ್ಲಗೆ ದಾಟೀತು. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಏಳುವ ಹಂಪುಗಳಿಗೆ ಯಾವ ಅಳತೆ? ಕೊಳ್ಳುವ ಮೊದಲು ಮನೆಯಿಂದ ಮುಖ್ಯ ರಸ್ತೆಯವರೆಗೆ ಒಮ್ಮೆ ನಡೆದು ಎಣಿಸಿ ಬನ್ನಿ. ಪೆಟ್ರೋಲ್ ಕೂಡ ಈಗ ಶೇ 20 ಎಥನಾಲ್ ಬೆರೆತದ್ದು. ಹಳೆಯ ಕಾರಿನ ಪೈಪು, ರಬ್ಬರುಗಳನ್ನು ಅದಕ್ಕಾಗಿ ಮಾಡಿದ್ದಲ್ಲ, ಮತ್ತು ಎಥನಾಲ್ ನೀರನ್ನು ಸೆಳೆಯುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಕಾರಿನ ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಬಿಡಬಾರದು.

ನಿಜವಾದ ಪೆಟ್ಟು ಬೀಳುವುದು ಕಾಗದಪತ್ರದಲ್ಲಿ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ಮೀರಿದ ಹೊಸ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ ಶೇ 18. ತೆರಿಗೆ ಕಡಿಮೆ ಇರುವ ಕಡೆ ನೋಂದಾಯಿಸಿ ಇಲ್ಲಿ ಓಡಿಸುವ ಚಾಳಿ ಹಬ್ಬಿದ್ದು ಇದರಿಂದಲೇ. ಹನ್ನೆರಡು ತಿಂಗಳು ಮೀರಿ ಇಲ್ಲಿದ್ದರೆ ಮರುನೋಂದಣಿ ಕಡ್ಡಾಯ. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಒಂದೇ ದಿನ ಹೀಗೆ ತೆರಿಗೆ ಕಟ್ಟದ 30 ಐಷಾರಾಮಿ ಕಾರುಗಳನ್ನು ವಶಪಡಿಸಿಕೊಂಡಿತು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರದ ನೋಂದಣಿಯ ಒಂದು ಫೆರಾರಿಗೆ ಸುಮಾರು 1.4 ಕೋಟಿ ರೂಪಾಯಿ ತೆರಿಗೆ ಬಿತ್ತು. ಕಾರಿನ ವಯಸ್ಸಿಗೆ ತಕ್ಕಂತೆ ತೆರಿಗೆ ಕಡಿಮೆಯಾಗುತ್ತದೆ ನಿಜ, ಆದರೆ ಅದನ್ನು ಕಟ್ಟುವವನು ಈಗಿನ ಮಾಲೀಕ, ಅಂದರೆ ನೀವು. ಹದಿನೈದು ವರ್ಷ ತುಂಬಿದ ಕಾರಾದರೆ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೂ ತಪಾಸಣೆಯಿದೆ.

ನನ್ನ ಲೆಕ್ಕ ಒರಟಾದದ್ದು, ಆದರೆ ಅದನ್ನೇ ಹೇಳುತ್ತೇನೆ. ಕೈಯಲ್ಲಿ ಒಟ್ಟು ಎಷ್ಟಿದೆಯೋ ಅದರ ಮುಕ್ಕಾಲು ಪಾಲಿಗೆ ಕಾರು ಹುಡುಕಿ. ಉಳಿದ ಕಾಲು ಭಾಗವನ್ನು ಮೊದಲ ವರ್ಷಕ್ಕೆಂದು ಬ್ಯಾಂಕಿನಲ್ಲಿ ಬಿಡಿ. ಅದು ಖಂಡಿತ ಕರಗುತ್ತದೆ. ದಿನದ ಓಡಾಟಕ್ಕೆ ಬೇರೆ ಗಾಡಿ ಇರಲಿ, ಏಕೆಂದರೆ ಪಾರ್ಟ್ಸ್ ವಿದೇಶದಿಂದ ಬರಬೇಕಾದಾಗ ಕಾರು ವಾರಗಟ್ಟಲೆ ಗ್ಯಾರೇಜಿನಲ್ಲಿ ಕೂರುತ್ತದೆ. ಮತ್ತು ಕಾರು ಬೇರೆ ರಾಜ್ಯದ ನಂಬರಿನದಾದರೆ, ಆ ರಾಜ್ಯದ ಆರ್‌ಟಿಒ ಕೊಟ್ಟ ಎನ್‌ಒಸಿಯನ್ನು ಕಣ್ಣಾರೆ ನೋಡಿ, ಇಲ್ಲಿನ ಆರ್‌ಟಿಒದಲ್ಲಿ ತೆರಿಗೆ ಎಷ್ಟಾಗುತ್ತದೆಂದು ವಿಚಾರಿಸುವವರೆಗೆ ಮುಂಗಡ ಕೊಡಬೇಡಿ.